ಬ್ಯಾಡಗಿಯಲ್ಲಿ ಡಿಗ್ರಿ ಮುಚ್ಚಿಡುವುದು ಹೇಗೆ?

ನಮ್ಮ ಪಕ್ಕದ ಮನೆಯಲ್ಲಿರುವುದು ಒಬ್ಬಳೇ ಶಶಿಕಲಾ. ಆದರೆ ಕಳೆದ ವಾರ ನನ್ನ ಟೇಬಲ್ ಮೇಲೆ ಮೂವರು ಶಶಿಕಲಾ ಇದ್ದರು.

"ಕಾಕಾ, ಇವನ್ನ ಸ್ವಲ್ಪ ನೋಡ್ರಿ. ಸ್ಪೆಲಿಂಗ್ ತಪ್ಪಿದ್ರ ಹೇಳ್ರಿ," ಎನ್ನುತ್ತ ಮೂರು ರೆಸ್ಯೂಮೆ ಇಟ್ಟಳು.

ಮೊದಲನೆಯದು ಹಾವೇರಿಯ ಒಂದು ಶಾಲೆಗೆ. ಅದರಲ್ಲಿ ಅವಳಿಗೆ ಮಕ್ಕಳೆಂದರೆ ಪ್ರಾಣ. ಎರಡನೆಯದು ರಾಣೆಬೆನ್ನೂರಿನ ಬೀಜದ ಕಂಪನಿಗೆ. ಅದರಲ್ಲಿ ಎಕ್ಸೆಲ್ ಎಂದರೆ ಪ್ರಾಣ, ಮಕ್ಕಳ ಸುದ್ದಿಯೇ ಇಲ್ಲ. ಸುಳ್ಳೇ? ಅಲ್ಲ. ಮದುವೆಗೊಂದು ಸೀರೆ, ಹೊಲಕ್ಕೊಂದು ಸೀರೆ ಉಡುವುದಿಲ್ಲವೇ, ಹಾಗೆ. (ನನ್ನ ಮದುವೆಯ ಬಯೋಡಾಟಾದಲ್ಲಿ ನಮ್ಮಪ್ಪ ನನ್ನನ್ನು ‘ಮಿತಭಾಷಿ’ ಎಂದು ಬರೆಸಿದ್ದರು. ಹೆಂಡತಿ ಇಂದಿಗೂ ಆ ಮಿತಭಾಷಿಯನ್ನು ಹುಡುಕುತ್ತಿದ್ದಾಳೆ.)

ಮೂರನೆಯದಕ್ಕೆ ಬಂದು ತಡೆದೆ. ಅದು ನಮ್ಮ ಬ್ಯಾಡಗಿಯದೇ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ. ವಿದ್ಯಾರ್ಹತೆ: ಪಿಯುಸಿ. ಅಷ್ಟೇ.

"ನಿನ್ನ ಎಂ.ಕಾಂ. ಎಲ್ಲಿ ಹೋತು?"

"ತೆಗದೇನ್ರಿ. ಎಂ.ಕಾಂ. ಅಂದ್ರ ಅಲ್ಲಿ ತಗೊಳ್ಳೂದಿಲ್ಲ. ಬ್ಯಾಂಕ್ ಪರೀಕ್ಷೆ ಪಾಸಾಗಿ ಓಡಿ ಹೋಗ್ತಾರ ಅಂತಾರ."

ರೆಸ್ಯೂಮೆಗೆ ಇಲ್ಲದ್ದನ್ನು ಸೇರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಇದ್ದದ್ದನ್ನು ಕಿತ್ತವರನ್ನು ನೋಡಿದ್ದು ಇದೇ ಮೊದಲು. ಓದು ಕಮ್ಮಿಯಾದರೂ ಕೆಲಸವಿಲ್ಲ, ಹೆಚ್ಚಾದರೂ ಇಲ್ಲ ಎಂದರೆ ಅಳತೆಗೆ ಸರಿಯಾದ ಓದು ಯಾವುದು?

ಆದರೆ ಅವಳಿಗೆ ಈ ಕೆಲಸವೇ ಬೇಕಿತ್ತು. ಅವಳ ಅವ್ವ ಗಂಗವ್ವ ಇಲ್ಲಿನ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಮಗಳನ್ನು ಓದಿಸಿದವಳು. ಈಗ ನೆಲಕ್ಕೆ ಕೂರಲು ಮೊಣಕಾಲು ಬಿಡುವುದಿಲ್ಲ, ಘಾಟಿಗೆ ಕೆಮ್ಮು ನಿಲ್ಲುವುದಿಲ್ಲ. ಆದರೂ ಹೋಗುತ್ತಾಳೆ. ಮಗಳಿಗೆ ಊರಲ್ಲೇ ಕೆಲಸ ಸಿಕ್ಕರೆ ಅವ್ವನ ಕೆಲಸ ಬಿಡಿಸಿ, ಹತ್ತಿರವಿದ್ದು ನೋಡಿಕೊಳ್ಳಬಹುದು. ನಾನು ಸ್ಪೆಲಿಂಗ್ ತಿದ್ದಿ ಕೊಟ್ಟೆ.

ಸೋಮವಾರ ಅಂಗಡಿಯಿಂದ ಕರೆ ಬಂತು. ಹೋಗಿ ಬಂದವಳು ನೇರ ನಮ್ಮ ಮನೆಗೇ ಬಂದು ನಡೆದದ್ದನ್ನೆಲ್ಲ ಹೇಳಿದಳು.

ಅಂಗಡಿಯ ಸಾವ್ಕಾರರು ಹಾಳೆ ಓದಿ ಕನ್ನಡಕ ತೆಗೆದರಂತೆ. "ಪಿಯುಸಿ ಆದ ಮ್ಯಾಲ ಇಷ್ಟು ವರ್ಷ ಏನ್ ಮಾಡಿದಿ ಯವ್ವಾ?"

"ಮನ್ಯಾಗ ಇದ್ದೆನ್ರಿ."

"ಸುಮ್ನ?"

"ಹೂನ್ರಿ. ಸುಮ್ನ."

ಬೆಳಗಿನ ಬಸ್ಸು ಹಿಡಿದು ಕಾಲೇಜಿಗೆ ಹೋದದ್ದು, ಅವ್ವ ಉರಿಯುವ ಕೈಯಲ್ಲಿ ರೊಟ್ಟಿ ಕಟ್ಟಿಕೊಟ್ಟದ್ದು, ಎಲ್ಲ ಆ ಒಂದು ಮಾತಿನಲ್ಲಿ ಇಲ್ಲವಾಗಿ ಹೋಯಿತು. ಕೇಳುತ್ತ ಕೂತ ನನಗೇ ಸಂಕಟವಾಯಿತು.

ಸಾವ್ಕಾರರು ಮಾತ್ರ ನಕ್ಕರಂತೆ.

"ನೀ ಎಂ.ಕಾಂ. ಪಾಸಾದಾಗ ನಿಮ್ಮವ್ವ ಇಡೀ ಮಾರ್ಕೆಟ್‌ಗೆ ಪೇಡೆ ಹಂಚ್ಯಾಳ. ಇದ ಗಾದಿ ಮ್ಯಾಲ ಕುಂತು ನಾನೂ ತಿಂದೇನಿ."

ಬ್ಯಾಡಗಿಯಲ್ಲಿ ಡಿಗ್ರಿ ಮುಚ್ಚಿಡಲು ಹೊರಟರೆ ಆಗುವುದು ಇದೇ. ನೀವು ರೆಸ್ಯೂಮೆ ಟೈಪ್ ಮಾಡುವ ಮೊದಲೇ ನಿಮ್ಮ ಅವ್ವ ಅದನ್ನು ಊರಿಗೆಲ್ಲ ಅಪ್‌ಲೋಡ್ ಮಾಡಿರುತ್ತಾಳೆ. ಡಿಲೀಟ್ ಮಾಡುವವರು ಯಾರು?

ಇನ್ನು ಮುಚ್ಚುಮರೆಯಿಂದ ಏನು ಉಪಯೋಗ? ಹುಡುಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. "ಬ್ಯಾಂಕ್ ಪರೀಕ್ಷೆ ಬರೀತೇನ್ರಿ. ಪಾಸಾದ್ರ ಹೋಗ್ತೇನಿ. ಅಲ್ಲೀತನಕ ನಿಮ್ಮ ಲೆಕ್ಕ ತಪ್ಪೂದಿಲ್ಲ."

ಓಡಿ ಹೋಗುವವರ ಬಗ್ಗೆ ಸಾವ್ಕಾರರಿಗಿದ್ದ ಭಯ ಸುಳ್ಳೇನಲ್ಲ, ಲೆಕ್ಕ ಬರೆಯುತ್ತಿದ್ದ ಹಿಂದಿನ ಇಬ್ಬರೂ ಹಾಗೆಯೇ ಹೋದವರು. ಆದರೂ ಹಾಳೆಯನ್ನು ಅವಳತ್ತ ತಳ್ಳಿದರು.

"ನಾಳೆಯಿಂದ ಬಾ. ಆದ್ರ ಈ ಹಾಳಿ ನಿಮ್ಮವ್ವಗ ಮಾತ್ರ ತೋರಸಬ್ಯಾಡ."

ಶಶಿಕಲಾ ಅದನ್ನು ದಾರಿಯಲ್ಲೇ ಹರಿದು ಹಾಕಿ ಬಂದಿದ್ದಳು. ಕೆಲಸ ಸಿಕ್ಕ ಖುಷಿಗೆ ನಗುತ್ತಿದ್ದಳು, ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಯಾವ ಕೆಲಸಕ್ಕೆ ಯಾವ ರೆಸ್ಯೂಮೆ ಎಂದು ಹೇಳಿಕೊಡುವ ವೀಡಿಯೊಗಳು ಮೊಬೈಲ್ ತುಂಬ ಇವೆ. ನನಗೆ ಕುತೂಹಲ ಇರುವುದು ಒಂದೇ: ನಿಮ್ಮ ರೆಸ್ಯೂಮೆಯನ್ನು, ನಿಮ್ಮನ್ನು ಓದಿಸಿದವರ ಮುಂದೆ ಗಟ್ಟಿಯಾಗಿ ಓದಬಲ್ಲಿರಾ?