ರೊಟ್ಟಿ ತಿಂದ ಇನ್ವೆಸ್ಟರ್‌ಗಳು

ಈಗಿನ ಹುಡುಗಿಯರು ಸೀಡ್ ಫಂಡಿಂಗ್, ಪಿಚ್ ಅಂತ ಮಾತಾಡುವಾಗ ನನಗೆ ನನ್ನ ಸ್ಟೀಲ್ ಡಬ್ಬಿ ನೆನಪಾಗುತ್ತದೆ. ನಾನೂ ಪಿಚ್ ಮಾಡಿದವಳೇ. ಸುರಪುರ, ಯಾದಗಿರಿ, ಶಹಾಪುರ, ಮೂರೂ ಊರಲ್ಲಿ. ಮೂರೂ ಊರಲ್ಲಿ ನನ್ನ ಇನ್ವೆಸ್ಟರ್‌ಗಳ ಹೊಟ್ಟೆ ತುಂಬಿತು.

ಕಾಲುವೆ ನೀರು ಬಂದು ಹುಣಸಗಿ ಕಡೆಯ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾಗಿದ್ದವು. ಎಲ್ಲರ ಮನೆಯಲ್ಲೂ ಅನ್ನ, ಎಲ್ಲರ ಬಾಯಲ್ಲೂ ರೊಟ್ಟಿಯ ನೆನಪು. ಸುರಪುರದ ನಮ್ಮ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರೋಣ ಎಂಬ ಬ್ರೈಟ್ ಐಡಿಯಾ ನನ್ನದು. ರೊಟ್ಟಿ ಬಡಿಯಲು ಮಾತ್ರ ನನಗೆ ಬರುತ್ತಿರಲಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದು ಕ್ರಾಸ್ ಸ್ಟಿಚ್. ಬಡಿಯುವವಳು ನಮ್ಮ ಓಣಿಯ ಒಬ್ಬಾಕೆ. ನನ್ನ ಮಾತು ನಂಬಿ ನಾಟಿಯ ಕೂಲಿ ಬಿಟ್ಟು ಬಂದಿದ್ದಳು.

"ಒಂದು ತಿಂಗಳು ನೋಡ್ತೀನ್ರಿ ಅಕ್ಕಾರ. ಆಗಲಿಲ್ಲಂದ್ರ ಮತ್ತ ಕೆಸರಿಗೆ ಇಳಿಯೂದೇ," ಅಂದಿದ್ದಳು.

ಬೇಕಾಗಿದ್ದು ಇನ್ನೊಂದು ಹಂಚು, ಒಲೆ, ನಾಲ್ಕು ಚೀಲ ಜೋಳ. ಅದಕ್ಕೆ ನಾನು ಇಂಗ್ಲಿಷಿನಲ್ಲಿ ಮೂರು ಪುಟದ ಪ್ಲಾನ್ ಟೈಪ್ ಮಾಡಿಸಿದೆ. ಜೊತೆಗೆ ಸ್ಯಾಂಪಲ್ ಇರಲೆಂದು ಡಬ್ಬಿಯಲ್ಲಿ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ.

ಸುರಪುರದ ಬ್ಯಾಂಕ್ ಮ್ಯಾನೇಜರು ಮೈಸೂರು ಕಡೆಯವರು. "ನಿಮ್ಮ ಇಂಗ್ಲಿಷ್ ತುಂಬಾ ಚೆನ್ನಾಗಿದೆ ಮೇಡಂ," ಎಂದು ನಾಲ್ಕು ರೊಟ್ಟಿ ಮುಗಿಸಿ, ಮೀಸೆಗೆ ಅಂಟಿದ ಹಿಂಡಿ ಒರೆಸಿಕೊಂಡು, "ಆದ್ರೆ ಇದನ್ನ ಯಾರು ದುಡ್ಡು ಕೊಟ್ಟು ತಿಂತಾರೆ?" ಅಂದರು. ಅವರಂತೂ ಕೊಡಲಿಲ್ಲ.

ಯಾದಗಿರಿಯಲ್ಲಿ ನನ್ನ ಗಂಡನ ಅಣ್ಣ. "ನಮ್ಮ ಮನಿತನದಾಗ ರೊಟ್ಟಿ ನೀಡ್ಯಾರ, ಮಾರಿಲ್ಲ," ಎಂದು ಗಂಭೀರವಾಗಿ ಹೇಳಿ, ಇನ್ನೆರಡು ನೀಡಿಸಿಕೊಂಡರು.

ಶಹಾಪುರದಲ್ಲಿ ಕಾಳುಕಡಿ ದಲ್ಲಾಳಿಯ ಅಡತಿ ಅಂಗಡಿ ಇಟ್ಟಿದ್ದ ಸಾವಕಾರರು ತಿಂದು ಉಳಿದದ್ದನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡರು. "ರೊಟ್ಟಿ ಭಾರಿ ಅದಾವ್ರಿ ಬಾಯಾರ. ಆದ್ರ ಬಂಡವಾಳ ಹಾಕೂ ಮಾಲಲ್ಲ ಇದು." ಡಬ್ಬಿಯನ್ನು ಮಾತ್ರ ತೊಳೆಸಿ ಕೊಟ್ಟರು. ವೆರಿ ಹೈಜೀನಿಕ್ ಮನುಷ್ಯ.

ತಿಂಗಳು ಮುಗಿಯಲು ಎರಡು ದಿನವಿತ್ತು. ಆಕೆ ಮತ್ತೆ ಗದ್ದೆ ಕೂಲಿಗೆ ಹೋಗಲೆಂದು ಕುಡುಗೋಲು ಮಸೆಯಲು ಕೊಟ್ಟದ್ದನ್ನು ನೋಡಿಯೂ ನೋಡದಂತೆ ಇದ್ದೆ. ಆಗ ಅದೇ ಸಾವಕಾರರ ಗುಮಾಸ್ತ ಸೈಕಲ್ ಮೋಟಾರಿನ ಮೇಲೆ ಬಂದ.

"ಸಾವಕಾರ್ರ ಮಗಳ ಮದುವಿ ಐತ್ರಿ. ಐನೂರು ರೊಟ್ಟಿ ಕಳಸಬೇಕಂತ್ರಿ."

ಬಾಗಿಲಿಗೆ ಬಂದವರ ಹತ್ತಿರ ರೊಟ್ಟಿಗೆ ರೇಟು ಹೇಳುವುದು ಹೇಗೆ? ನನ್ನ ಎಟಿಕೆಟ್ ಅಡ್ಡ ಬಂತು. "ವಿತ್ ಪ್ಲೆಶರ್" ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಒಲೆಯ ಮುಂದಿನಿಂದ ಆಕೆ ಕೂಗಿದಳು:

"ಅಡ್ವಾನ್ಸ್ ತಂದೀರೇನ್ರಿ?"

"ರೊಟ್ಟಿಗೂ ಅಡ್ವಾನ್ಸ್ ಏನಬೇ?"

"ಬಾಜಾದವರಿಗೆ ಕೊಟ್ಟೀರಿಲ್ಲ? ಬೀಗರಿಗೆ ಬಾಜಾನೇ ಉಣಸ್ರಿ ಹಂಗಾರ."

ಗುಮಾಸ್ತ ನನ್ನ ಮುಖ ನೋಡಿದ. ನಾನು ಬಹಳ ಡಿಗ್ನಿಫೈಡ್ ಆಗಿ ಗೋಡೆ ನೋಡಿದೆ. ಸಂಜೆಯೊಳಗೆ ಅವನು ಅರ್ಧ ಹಣ ತಂದುಕೊಟ್ಟ. ಬಂಡವಾಳ ಹಾಕುವುದಿಲ್ಲ ಎಂದ ಸಾವಕಾರರ ಕೈಯಿಂದಲೇ ನಮ್ಮ ಬಂಡವಾಳ ಬಂತು. ಪಾಪ, ಅವರಿಗೆ ಅದು ಕೊನೆಯವರೆಗೂ ಗೊತ್ತಾಗಲಿಲ್ಲ.

ಆಕೆ ಈಗಿಲ್ಲ. ಕಿವಿಯಲ್ಲಿ ಆ ಗಡಸು ದನಿ ಇದೆ. ಅಡ್ವಾನ್ಸ್ ಬಂದ ಮರುದಿನ ಬೆಳಿಗ್ಗೆ ಎರಡನೆಯ ಒಲೆ ಹೊತ್ತಿಸಿ, ನನ್ನ ಪ್ಲಾನಿನ ಮೂರೂ ಪುಟಗಳನ್ನು ರೊಟ್ಟಿಯ ಬುಟ್ಟಿಗೆ ಹಾಸಿ, "ಅಕ್ಕಾರ, ಬರದದ್ದು ಸಾಕು. ಹಿಟ್ಟು ನಾದ್ರಿ," ಅಂದಿದ್ದಳು.