ಒಂದು ಮ್ಯಾಚ್ ಹೊತ್ತು ಬಿಟ್ಟ ಬಣ್ಣ

ಕಂಬ ಹತ್ತುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಾಗಾಗಿ ಇಡೀ ಬೀದಿಗೆ ಅವನು ಕಂಬದಣ್ಣ. ಲೈನ್‌ಮ್ಯಾನ್ ಕೆಲಸ. ಗಾಳಿಗೆ ತಂತಿ ಹರಿದರೆ ಜನ ದೇವರಿಗಿಂತ ಮುಂಚೆ ಇವನನ್ನು ನೆನೆಯುತ್ತಿದ್ದರು, ಕರೆಂಟ್ ಬಂದ ಮೇಲೆ ಇಬ್ಬರನ್ನೂ ಮರೆಯುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಬೇಯಿಸಿ, ಒಬ್ಬನೇ ಉಂಡು, ಗೋಡೆಯ ಜೊತೆ ಜಗಳವಾಡಿಕೊಂಡಿದ್ದವನಿಗೆ ತಂಗಿ ಅಂತೂ ಇಂತೂ ಒಂದು ಸಂಬಂಧ ಹುಡುಕಿದ್ದಳು. ಹೆಂಗಸು ಬಟ್ಟೆ ಕಾರ್ಖಾನೆಯ ಆಫೀಸಿನಲ್ಲಿ ಲೆಕ್ಕ ಬರೆಯುವವಳಂತೆ, ಅವಳೂ ಒಂಟಿಯಂತೆ. ಭಾನುವಾರ ಸಂಜೆ ಬಸ್‌ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಇಬ್ಬರೂ ಮುಖ ನೋಡಿಕೊಳ್ಳುವುದು ಅಂತಾಯಿತು.

ಬೆಳಿಗ್ಗೆಯೇ ತಂಗಿಯ ಫೋನು.

"ಅಣ್ಣ, ನಿನ್ನ ಫೋಟೋ ತೋರಿಸಿದೀನಿ. ಹತ್ತಿ ಗಿಡದ ಥರ ಬೆಳ್ಳಗೆ ತಲೆ ಹೊತ್ಕೊಂಡು ಹೋಗ್ಬೇಡ."

"ಯಾವಾಗಿನ ಫೋಟೋ ಅದು?"

"ನನ್ನ ಮದುವೇದು."

"ಅದರಲ್ಲಿ ನಾನಿನ್ನೂ ಹುಡುಗ ಕಣೇ."

"ಅದಕ್ಕೇ ಅಲ್ವಾ ತೋರಿಸಿದ್ದು."

ಮಧ್ಯಾಹ್ನ ಊಟ ಮುಗಿಸಿ ಕಂಬದಣ್ಣ ರೇಡಿಯೋ ಮಾವನ ಸಲೂನಿಗೆ ಹೋದ. ಎರಡು ಕುರ್ಚಿ, ಮೂಲೆ ಒಡೆದ ಕನ್ನಡಿ, ಹಲಗೆಯ ಮೇಲೆ ರೇಡಿಯೋ. ಗೋಡೆಯ ಗಡಿಯಾರ ಕೆಟ್ಟು ನಿಂತು ಯಾವ ಕಾಲವಾಯಿತೋ, ಮಾವ ರಿಪೇರಿಗೆ ಕೊಟ್ಟಿರಲಿಲ್ಲ. ಅವನ ಲೆಕ್ಕವೆಲ್ಲ ಹಾಡಿನಲ್ಲಿ. ಗಡ್ಡಕ್ಕೆ ಒಂದು ಹಾಡು, ಕಟಿಂಗಿಗೆ ನಾಲ್ಕು. ಇಷ್ಟು ವರ್ಷ ಆ ಲೆಕ್ಕ ಯಾರ ತಲೆಯನ್ನೂ ಕೆಡಿಸಿರಲಿಲ್ಲ.

"ಬರೀ ಕಪ್ಪು ಬಳಿದ್ರೆ ಬೂಟ್ ಪಾಲಿಶ್ ಅಂತ ದೂರದಿಂದ್ಲೇ ಗೊತ್ತಾಗುತ್ತೆ ಅಳಿಯ," ಎಂದ ಮಾವ. "ಮೊದ್ಲು ಬ್ಲೀಚ್ ಹಚ್ಚಿ ಕೂದ್ಲು ಸ್ವಲ್ಪ ತಿಳಿ ಮಾಡೋಣ, ಆಮೇಲೆ ಕಂದು. ಹೀರೋ ಥರ ಹೋಗ್ತೀಯ."

"ಎಷ್ಟು ಹೊತ್ತು ಬಿಡ್ಬೇಕು?"

"ಐದು ಹಾಡು."

ಬ್ಲೀಚ್ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿದ್ದಾಯಿತು. ಎರಡನೇ ಹಾಡು ಮುಗಿಯುತ್ತಿದ್ದಂತೆ ರೇಡಿಯೋದವರು ಮ್ಯಾಚಿಗೆ ಹೊರಳಿದರು. ಅಲ್ಲಿಗೆ ಕೆಟ್ಟಿತು ಕೆಲಸ. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಇನ್ನೊಬ್ಬ ಗಿರಾಕಿ ನೊರೆ ಸಮೇತ ಎದ್ದು ನಿಂತ. ಪಕ್ಕದ ಅಂಗಡಿಯ ಟೈಲರ್ ಕತ್ತಿಗೆ ಟೇಪು ಹಾಕಿಕೊಂಡೇ ಓಡಿ ಬಂದ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು, ತಲೆಗೆ ಪ್ಲಾಸ್ಟಿಕ್ ಸುತ್ತಿಕೊಂಡ ನಮ್ಮ ಕಂಬದಣ್ಣನೇ. ಹಾಡೇ ಇಲ್ಲದ ಮೇಲೆ ಹೊತ್ತು ಎಲ್ಲಿಂದ ತಿಳಿಯಬೇಕು?

"ಮಾವ, ತಲೆ ಉರೀತಿದೆ."

"ಎಲ್ಲರಿಗೂ ಉರೀತಿದೆ, ಸುಮ್ನಿರು. ಎರಡು ಬಾಲಿಗೆ ಐದು ರನ್ ಬೇಕು."

ಒಂದು ಬಾಲ್ ಉಳಿದಿತ್ತು. ಆಗ ಉರಿ ತಾಳಲಾರದೆ ಅವನೇ ಹಾಳೆ ಕಿತ್ತೆಸೆದು ಕನ್ನಡಿ ನೋಡಿದ. ಕತ್ತಿನ ಮೇಲೆ ಮಾಗಿದ ಕಿತ್ತಳೆ ಹಣ್ಣು. ಕುರ್ಚಿಯಿಂದ ನೆಗೆದ ರಭಸಕ್ಕೆ ಮೊಣಕೈ ತಾಗಿ ರೇಡಿಯೋ ನೆಲಕ್ಕೆ ಬಿದ್ದು ಸದ್ದಡಗಿತು.

"ನಿನ್ನ ಕೈ ಸೇದಿಹೋಗ, ತಲೆಗೆ ಬೆಂಕಿ ಇಟ್ಟೆಯಲ್ಲೋ ಮುದುಕ."

"ತಿಳಿ ಆಗಿದೆ ಅಷ್ಟೇ ಅಳಿಯ. ಸ್ವಲ್ಪ ಜಾಸ್ತಿ," ಎನ್ನುತ್ತ ಮಾವ ತಣ್ಣೀರಲ್ಲಿ ತೊಳೆದ.

"ಮೇಲೆ ಬೇಗ ಕಂದು ಬಳಿ."

"ಬುರುಡೆ ಕೆಂಪಾಗಿದೆ. ಇವತ್ತು ಇನ್ನೊಂದು ತೊಟ್ಟು ಬಿದ್ರೂ ಚರ್ಮ ಸುಲಿಯುತ್ತೆ. ಬೋಳಿಸಿಬಿಡ್ಲಾ?"

"ಬೋಳಿಸಿದ್ರೆ ಈ ಕಿವಿ ಎಲ್ಲಿ ಬಚ್ಚಿಡ್ಲಿ?"

ಅದೂ ನಿಜವೇ. ಅವನ ಕಿವಿಗಳು ಎರಡು ಮೊರ. ಹೋಗದೆ ಇದ್ದುಬಿಡೋಣವೆಂದರೆ ಅಲ್ಲಿ ಅವಳು ಕಾಯುತ್ತಿರುತ್ತಾಳೆ. ಆಗ ಸೈಕಲ್ಲಿಗೆ ನೇತುಹಾಕಿದ್ದ ಕೆಲಸದ ಹಳದಿ ಹೆಲ್ಮೆಟ್ ಕಣ್ಣಿಗೆ ಬಿತ್ತು.

ಟೀ ಅಂಗಡಿಯಲ್ಲಿ ಅವಳು ಆಗಲೇ ಬಂದು ಕೂತಿದ್ದಳು. ಮಡಿಲಲ್ಲಿ ಬಟ್ಟೆಯ ಚೀಲ, ಚೀಲದೊಳಗೆ ಎರಡೂ ಕೈ. ಟೀ ಬಂತು. ಅವಳು ಲೋಟ ಮುಟ್ಟಲಿಲ್ಲ. ಮೊದಲ ನೋಟಕ್ಕೇ ನಾನು ಹಿಡಿಸಲಿಲ್ಲ, ಟೀ ಕೂಡ ಬೇಡವಾಯಿತು ಇವಳಿಗೆ ಎಂದುಕೊಂಡ ಕಂಬದಣ್ಣ.

"ಡ್ಯೂಟಿ ಇತ್ತಾ?"

"ಹ್ಞೂಂ. ಅರ್ಜೆಂಟ್ ಕೆಲಸ."

"ಇಲ್ಲಿ ಕಂಬ ಇಲ್ವಲ್ಲ, ತೆಗೆದಿಡಿ."

"ಅಭ್ಯಾಸ. ಇದಿಲ್ದಿದ್ರೆ ಬರೀ ಮೈಯಲ್ಲಿ ಕೂತಂಗಾಗುತ್ತೆ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ತುಟಿ ಬಿಗಿಹಿಡಿದು ಬೇರೆ ಕಡೆ ನೋಡಿದಳು. ಅದೇ ಹೊತ್ತಿಗೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಹೆಲ್ಮೆಟ್ಟಿನೊಳಗೆ ಇಳಿದ ಬೆವರು ಸುಟ್ಟ ಬುರುಡೆಗೆ ಉಪ್ಪು ಸವರಿದಂತೆ ಹತ್ತಿಕೊಂಡಿತು.

"ಅಣ್ಣ, ಹೆಲ್ಮೆಟ್ ನೋಡಿದ್ರೆ ನಮ್ಮ ಲೈನ್‌ಮ್ಯಾನೇ ಇರಬೇಕು. ಸ್ವಲ್ಪ ಹೊರಗಡೆ ನೋಡ್ತೀರಾ?" ಎಂದ ಅಂಗಡಿಯವನು.

ಎದ್ದು ಹೋಗಲು ಇದಕ್ಕಿಂತ ಒಳ್ಳೆಯ ನೆಪ ಇನ್ನೊಂದಿರಲಿಲ್ಲ. ಕಂಬ ಹತ್ತಿದವನು ಆ ಕಡೆಯಿಂದಲೇ ಇಳಿದು ಮನೆ ಸೇರಬಹುದಿತ್ತು, ಮಾನ ಉಳಿಯುತ್ತಿತ್ತು. ಆದರೆ ಮನೆಯಲ್ಲಿರುವುದು ಅದೇ ಗೋಡೆ. ಕಂಬದಣ್ಣ ಎರಡು ಕೈಯಲ್ಲಿ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ.

ಅಂಗಡಿಯವನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಅವಳು ನಗಲಿಲ್ಲ. ಮುಂದೆ ಬಗ್ಗಿ, ಸಂತೆಯಲ್ಲಿ ನೂಲು ನೋಡುವವಳ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು.

"ಎಷ್ಟು ಹೊತ್ತು ಬಿಟ್ರು?"

"ಒಂದು ಮ್ಯಾಚು."

ಆಗ ನಕ್ಕಳು ನೋಡಿ. ನಗು ಉಕ್ಕಿ ಬಂದು ಬಾಯಿಗೆ ಕೈ ಅಡ್ಡ ತಂದಳು, ಚೀಲ ಕೆಳಗೆ ಬಿತ್ತು. ಎರಡೂ ಕೈ ಮಣಿಕಟ್ಟಿನವರೆಗೆ ಬದನೆಕಾಯಿಯ ಹಾಗೆ ನೇರಳೆ.

"ಲೆಕ್ಕ ಬರೆಯೋದು ಅಂತ ಸುಳ್ಳು ಹೇಳಿದ್ದೆ," ಎಂದಳು. "ನಾನು ಬಣ್ಣದ ತೊಟ್ಟಿ ಹತ್ರ ಇರೋದು. ಬೆಳಿಗ್ಗೆಯಿಂದ ಉಜ್ಜಿದೀನಿ, ಹೋಗ್ಲಿಲ್ಲ."

"ನನ್ನದೂ ಹೋಗಲ್ವಂತೆ. ನಿಜವಾಗ್ಲೂ ನನ್ನ ತಲೆ ಪೂರ್ತಿ ನೆರೆತಿದೆ ಕಣ್ರೀ. ಆ ಫೋಟೋ ಹಳೇದು."

"ಗೊತ್ತಾಯ್ತು. ಅದರಲ್ಲಿ ನಿಮ್ಮ ತಂಗಿ ಸಣ್ಣಗಿದ್ರು."

ಅವಳು ನೇರಳೆ ಕೈಯಲ್ಲಿ ಲೋಟ ಎತ್ತಿ, ಆರಿದ ಟೀಯನ್ನು ಒಂದೇ ಉಸಿರಿಗೆ ಕುಡಿದಳು.

"ಮ್ಯಾಚ್ ಯಾರು ಗೆದ್ರು?"

"ಗೊತ್ತಿಲ್ಲ. ಒಂದು ಬಾಲ್ ಉಳಿದಿತ್ತು, ರೇಡಿಯೋ ಬೀಳಿಸಿಬಿಟ್ಟೆ."

"ಅಯ್ಯೋ, ಹಾಗೆ ಬಿಟ್ರೆ ರಾತ್ರಿ ನಿದ್ದೆ ಬರಲ್ಲ. ಸಲೂನ್ ಎಷ್ಟು ದೂರ? ನಡೀರಿ, ಕೇಳ್ಕೊಂಡು ಬರೋಣ."

ಮೊದಲು ಅವನು ಕಂಬ ಹತ್ತಿ ಕರೆಂಟ್ ಕೊಟ್ಟ. ಆಮೇಲೆ ಇಬ್ಬರೂ ಬೀದಿಗಿಳಿದರು. ಓಣಿಯ ಮಕ್ಕಳು ಕಿತ್ತಳೆ, ಕಿತ್ತಳೆ ಎಂದು ಹಿಂದೆ ಬಿದ್ದವು. ಹೆಲ್ಮೆಟ್ ಅವಳ ಕೈಯಲ್ಲಿತ್ತು. ಅವನು ಕೇಳಲೂ ಇಲ್ಲ, ಅವಳು ಕೊಡಲೂ ಇಲ್ಲ.