ರೈಟರ್ ಪೂವಯ್ಯನ ಕಂಪ್ಯೂಟರು

ಕಾಫಿ ತೋಟದ ರೈಟರ್ ಕತೆ ಬರೆಯುವ ಗಿರಾಕಿಯಲ್ಲ. ಬೆಳಗಾದರೆ ಆಳುಗಳು ಸಾಲಾಗಿ ವಾಸವಿರುವ ಲೈನ್ ಮನೆಗಳ ಮುಂದೆ ನಿಂತು ಅವರ ಹೆಸರು ಕೂಗಿ, ಯಾರು ಬಂದರು, ಯಾರು ಬರಲಿಲ್ಲ ಎಂದು ಚೆಕ್‌ರೋಲ್ ಪುಸ್ತಕದಲ್ಲಿ ಗುರುತು ಹಾಕುವವನು. ಮಾದಾಪುರದ ಮೇಲಿನ ಒಂದು ತೋಟದಲ್ಲಿ ಪೂವಯ್ಯ ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದ. ಧಣಿಗೆ ಅವನು ಆಳುಗಳ ಕಡೆಯವನಂತೆ ಕಂಡ, ಆಳುಗಳಿಗೆ ಧಣಿಯ ನಾಯಿಯಂತೆ ಕಂಡ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿತ್ತು.

ಅವನು ನಿವೃತ್ತನಾದ ವರ್ಷವೇ ತೋಟ ಕೈ ಬದಲಾಯಿತು. ಹೊಸಬರು ಆಫೀಸಿನ ಹಳೆ ಪುಸ್ತಕಗಳನ್ನೆಲ್ಲ ಕಣದಲ್ಲಿ ರಾಶಿ ಹಾಕಿ ಸುಡಲು ಹೇಳಿದರು. ಬೆಂಕಿ ಬೀಳುವುದಕ್ಕೆ ಮೊದಲು ಎರಡು ದಿನ ಪೂವಯ್ಯ ಕದಲದೆ ಕೂತು, ಮಗಳ ಕ್ಯಾಮೆರಾದಲ್ಲಿ ಚೆಕ್‌ರೋಲಿನ ಒಂದೊಂದು ಪುಟವನ್ನೂ ಫೋಟೋ ಹೊಡೆದುಕೊಂಡ. ನಾಲ್ಕು ಸಾವಿರದ ಮೇಲಾಯಿತು. ಯಾಕೆ ಎಂದು ಕೇಳಿದರೆ ದೊಡ್ಡ ಮಾತೇನೂ ಆಡುತ್ತಿರಲಿಲ್ಲ. "ನನ್ನ ಅಕ್ಷರ ಸುಡೋದು ನೋಡ್ಲಿಕ್ಕಾಗ್ಲಿಲ್ಲ" ಅನ್ನುತ್ತಿದ್ದ. ತೋಟದವರು ಬೇಡವೆಂದು ಕೊಟ್ಟ ಹಳೆ ಕಂಪ್ಯೂಟರಿಗೆ ಆ ಫೋಟೋಗಳನ್ನು ತುಂಬಿ ಮನೆಯ ಮೂಲೆಯಲ್ಲಿಟ್ಟ. ಆಮೇಲೆ ಇಷ್ಟು ವರ್ಷ ಅದರಲ್ಲಿ ಇಸ್ಪೀಟು ಆಡಿದ, ಅಷ್ಟೆ.

ಈ ಸಲ ಫೆಬ್ರವರಿ ಕೊನೆಯಲ್ಲಿ ಚೋಮ ಬಂದ. ಅದೇ ತೋಟದ ಲೈನ್ ಮನೆಯಲ್ಲಿ ಹುಟ್ಟಿ, ಅಲ್ಲೇ ಅರವತ್ತು ದಾಟಿದ ಎರವ ಬುಡಕಟ್ಟಿನವನು. ಲೈನ್ ಕೆಡವುತ್ತಾರೆ ಎಂಬ ಮಾತು ಎದ್ದ ಮೇಲೆ ಆಳುಗಳೆಲ್ಲ ಮನೆ ನಿವೇಶನಕ್ಕೆ ಅರ್ಜಿ ಹಾಕಿದ್ದರು. ತಾಲ್ಲೂಕು ಕಚೇರಿಯಲ್ಲಿ ಮೊದಲ ವಿಚಾರಣೆಗೆ ಚೋಮನ ಹೆಸರು ಬಂದಿತ್ತು. ಹಿಂದಿನಿಂದಲೂ ಇದೇ ನೆಲದಲ್ಲಿದ್ದೇನೆ ಅನ್ನುವುದಕ್ಕೆ ದಾಖಲೆ ತೋರಿಸದಿದ್ದರೆ ಪಟ್ಟಿಯಿಂದ ಹೆಸರು ಹೊಡೆಯುತ್ತಾರೆ.

"ಇನ್ನು ಹತ್ತು ದಿನ ಉಂಟು ರೈಟ್ರೇ. ಕಾಗ್ದ ತಾ ಅಂತಾರೆ. ನಾ ಹುಟ್ಟಿದ್ದಕ್ಕೇ ಕಾಗ್ದ ಇಲ್ಲ, ಇನ್ನು ಬದುಕಿದ್ದಕ್ಕೆ ಎಲ್ಲಿಂದ ತರ್ಲಿ?"

"ಚೆಕ್‌ರೋಲಲ್ಲಿ ನಿನ್ನ ಹೆಸರು ಉಂಟಲ್ಲ ಮಾರಾಯ. ಇದ್ರೊಳಗೆ ಉಂಟು."

"ತೆಗೀರಿ ಮತ್ತೆ, ನೋಡುವ."

ಪೂವಯ್ಯ ಗುಂಡಿ ಒತ್ತಿದ. ಡಬ್ಬದೊಳಗೆ ಫ್ಯಾನು ತಿರುಗಿತು, ಕೀಂ ಕೀಂ ಕೀಂ ಎಂದು ಮೂರು ಸಲ ಕೂಗಿತು. ಪರದೆ ಮಾತ್ರ ಬಾಣಲೆ ತಳದಂತೆ ಕಪ್ಪಗೇ ಇತ್ತು.

ಕುಶಾಲನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ದೀಪಕ್‌ಗೆ ಫೋನ್ ಹೋಯಿತು. "ಬೀಪ್ ಬಂದ್ರೆ ಮೊದ್ಲು ರ‍್ಯಾಮ್ ನೋಡಿ ಅಂಕಲ್. ವೈರ್ ಕಿತ್ತು, ಡಬ್ಬ ಬಿಚ್ಚಿ. ಬೆರಳುದ್ದದ ಹಸಿರು ಪಟ್ಟಿ ಇರುತ್ತೆ. ಅದರ ಹಳದಿ ಅಂಚನ್ನ ಪೆನ್ಸಿಲ್ ರಬ್ಬರಲ್ಲಿ ಉಜ್ಜಿ, ಟಕ್ ಅನ್ನೋ ಹಂಗೆ ವಾಪಸ್ ಕೂರಿಸಿ" ಎಂದ. ಬಿಚ್ಚಿದರೆ ಒಳಗೆ ಹಲ್ಲಿ ಮೊಟ್ಟೆ, ಬೆರಳು ದಪ್ಪ ಧೂಳು, ಮಳೆಗಾಲದ ಬೂಷ್ಟು. ಪೂವಯ್ಯ ಎಲ್ಲ ಒರೆಸಿ, ಉಜ್ಜಿ, ಕೂರಿಸಿದ. ಕೂಗು ನಿಂತಿತು. ಪರದೆ ಬೆಳಗಿತು, ಆದರೆ ತಾರೀಖು ಹತ್ತು ಹದಿನೈದು ವರ್ಷ ಹಿಂದಿನದು ತೋರಿಸಿ, ಮುಂದೆ ಹೋಗಲೋ ಬೇಡವೋ ಎಂದು ಕೇಳುತ್ತಾ ನಿಂತಿತು. ಒಳಗಿನ ಸೆಲ್ ಸತ್ತಿತ್ತು. ನಾಣ್ಯದಂಥ ಆ ಸೆಲ್ಲು ವಾಚ್ ಅಂಗಡಿಯಲ್ಲೇ ಸಿಕ್ಕಿತು. ಅದನ್ನೂ ಹಾಕಿದ. ವಿಂಡೋಸ್ ತೆರೆಯಿತು.

ಚೋಮನಿಗೆ ಹೇಳಿ ಕಳಿಸಬೇಕು ಅನ್ನುವಷ್ಟರಲ್ಲಿ ಕಂಪ್ಯೂಟರು ಟಪ್ಪೆಂದು ಆರಿ, ತಾನೇ ಮತ್ತೆ ಹೊತ್ತಿಕೊಂಡಿತು. ಹೊತ್ತಿಕೊಂಡರೆ ಸುಮ್ಮನೆ ತೆರೆಯುವುದೂ ಇಲ್ಲ. ಡಿಸ್ಕ್ ಪರೀಕ್ಷೆ ಮಾಡುತ್ತೇನೆಂದು ಇದ್ದಬದ್ದ ಹೊತ್ತು ತಿನ್ನುತ್ತದೆ. ಪೆನ್‌ಡ್ರೈವ್‌ಗೆ ಕಾಪಿ ಹಾಕಿದರೆ ಮುನ್ನೂರು ಫೋಟೋ ಆಗುವಷ್ಟರಲ್ಲಿ ಮತ್ತೆ ಟಪ್, ಇಳಿದ ಮುನ್ನೂರೂ ತೆರೆಯದಂತೆ ಕೆಟ್ಟಿರುತ್ತವೆ. ಒಮ್ಮೆ ಹತ್ತು ನಿಮಿಷ, ಒಮ್ಮೆ ನಾಲ್ಕು. ಫೋಟೋಗಳಿಗೆ ಹೆಸರಿಲ್ಲ, ಕ್ಯಾಮೆರಾ ಕೊಟ್ಟ ನಂಬರು ಮಾತ್ರ. ಚೋಮನ ಪುಟ ಹುಡುಕಲು ಗಂಟೆಗಟ್ಟಲೆ ಬೇಕು.

ದೀಪಕ್ ಬೈಕಿನಲ್ಲಿ ಬಂದು ನೋಡಿದ. ಅವನು ಇದ್ದಾಗಲೂ ಎರಡು ಸಲ ಆರಿತು.

"ವಿಂಡೋಸ್ ಕೆಟ್ಟಿದೆ ಅನ್ಸುತ್ತೆ ಅಂಕಲ್. ಫಾರ್ಮ್ಯಾಟ್ ಹೊಡೆದು ಹೊಸದು ಹಾಕ್ಬೇಕು."

"ಫಾರ್ಮ್ಯಾಟ್ ಹೊಡೆದ್ರೆ ಚೆಕ್‌ರೋಲ್?"

"ಹೋಗುತ್ತೆ. ಇಲ್ಲಾ ಡಿಸ್ಕ್ ಬಿಚ್ಚಿ ಕೊಡಿ, ಅಂಗಡೀಲಿ ಕಾಪಿ ಮಾಡಿ ಕೊಡ್ತೀನಿ."

ಒಳಗಿನಿಂದ ಪೂವಯ್ಯನ ಹೆಂಡತಿ ಯಮುನಳ ದನಿ ಬಂತು. "ಕೊಡಿ ಕೊಡಿ. ಹೋದ ವರ್ಷ ಮೊಬೈಲ್ ರಿಪೇರಿಗೆ ಕೊಟ್ಟಿರಲ್ಲ ಸೋಮವಾರಪೇಟೇಲಿ, ಮೊಮ್ಮಗಳ ನಾಮಕರಣದ ಫೋಟೋ ಎಲ್ಲ ತೊಳೆದು ಕೊಟ್ಟಿದ್ರು. ಇದನ್ನೂ ತೊಳೆಸಿ."

"ನಾ ಹಂಗ್ ಮಾಡಲ್ಲ ಆಂಟಿ."

"ಅವನೂ ಹಂಗೇ ಹೇಳಿದ್ದ."

ಪೂವಯ್ಯ ಡಿಸ್ಕ್ ಕೊಡಲಿಲ್ಲ. ಚೆಕ್‌ರೋಲ್ ಆಫೀಸು ಬಿಟ್ಟು ಹೊರಗೆ ಹೋಗಬಾರದು ಎಂಬ ತೋಟದ ರೂಲು ಅವನ ಎಲುಬಿಗೆ ಇಳಿದಿತ್ತು. ಕಂಪ್ಯೂಟರನ್ನು ತಾನು ಬಲ್ಲ ರೀತಿಯಲ್ಲೇ ಹಿಡಿಯಲು ಹೊರಟ. ಕೊಡಗಿನಲ್ಲಿ ತುಂಡು ತೋಟ ಇದ್ದವನೂ ಮಳೆ ಅಳೆದು ಬರೆದಿಡುತ್ತಾನೆ. ಬೆಳಿಗ್ಗೆ ಎಂಟಕ್ಕೆ ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆಯದಿದ್ದರೆ ಪೂವಯ್ಯನಿಗೆ ಕಾಫಿ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಆ ಪುಸ್ತಕದಲ್ಲಿ ದಿನವೂ 'ಮಳೆ ಇಲ್ಲ' ಎಂಬ ಒಂದೇ ಮಾತು. ಖಾಲಿ ಬಿದ್ದ ಜಾಗದಲ್ಲಿ ಕಂಪ್ಯೂಟರಿನ ಚೆಕ್‌ರೋಲ್ ಶುರು ಮಾಡಿದ. ಎಷ್ಟಕ್ಕೆ ಹಾಕಿದ್ದು, ಎಷ್ಟಕ್ಕೆ ಆರಿದ್ದು, ಆಗ ಏನು ಮಾಡುತ್ತಿತ್ತು. ಡಬ್ಬದ ಬಾಗಿಲು ತೆರೆದಿಟ್ಟು ಫ್ಯಾನು ಹಾಕಿ ನೋಡಿದ, ಬಿಸಿಯಿಂದ ಇರಬಹುದೆಂದು. ಆರಿತು, ಬರೆದ. ಪೆನ್‌ಡ್ರೈವ್ ಕಿತ್ತು ನೋಡಿದ. ಆರಿತು, ಬರೆದ. ಬೇರೆ ವೈರು, ಬೇರೆ ಪ್ಲಗ್ಗು, ಎಲ್ಲ ಆಯಿತು. ದೀಪಕ್ ಫೋನಿನಲ್ಲಿ ಹೇಳಿದಂತೆ ಏನೂ ಮುಟ್ಟದೆ ಖಾಲಿ ಓಡಲು ಬಿಟ್ಟು ತೋಟಕ್ಕೂ ಹೋಗಿ ಬಂದ.

ಶನಿವಾರ ಚೋಮ ಬಂದು ಜಗುಲಿಯಲ್ಲಿ ನಿಂತ. ವಿಚಾರಣೆ ಮಂಗಳವಾರ.

"ಏನಾಯ್ತು ರೈಟ್ರೇ? ಆಗ ಬರೀಲಿಕ್ಕೆ ಬಂತು, ಈಗ ತೋರ್ಸ್ಲಿಕ್ಕೆ ಬರಲ್ವಾ?"

ಪೂವಯ್ಯನ ಮುಖ ಕೆಂಪಾಯಿತು. ಪುಸ್ತಕ ತಂದು ಅವನ ಮುಂದೆ ಬಿಚ್ಚಿದ. "ನೋಡು, ನಾ ಸುಮ್ನೆ ಕೂತಿಲ್ಲ. ಐವತ್ತೆರಡು ಸಲ ಹಾಕಿದ್ದೇನೆ. ಐವತ್ತೊಂದು ಸಲ ಆರಿದೆ."

"ಉಳಿದದ್ದು ಒಂದು?"

"ಬುಧವಾರ. ಹನ್ನೊಂದೂ ಹತ್ತರಿಂದ ಹನ್ನೆರಡೂ ನಲವತ್ತು. ಖಾಲಿ ಬಿಟ್ಟಿದ್ದೆ, ಸರಿ ಓಡ್ತು. ರೋಗ ಬಿಡ್ತು ಅಂತ ನಾನೇ ಆರಿಸಿ ಊಟಕ್ಕೆ ಕೂತೆ. ಊಟ ಆಗಿ ಕಾಪಿಗೆ ಹಾಕಿದ್ರೆ ನಾಲ್ಕೇ ನಿಮಿಷ."

ಟೀ ತಂದ ಯಮುನ ಅಲ್ಲೇ ನಿಂತಳು. "ಬುಧವಾರವಾ? ಅವತ್ತು ಒರಳಲ್ಲಿ ಚಟ್ನಿ ರುಬ್ಬಿ ನನ್ನ ರಟ್ಟೆ ಬಿದ್ದಿತ್ತು. ಬೆಳಿಗ್ಗೆಯಿಂದ ಊಟದ ಹೊತ್ತಿನ ತನಕ ಕರೆಂಟೇ ಇಲ್ಲ. ಮಿಕ್ಸಿ ಇನ್ವರ್ಟರ್‌ಗೆ ಕೊಟ್ಟಿಲ್ಲವಲ್ಲ ನೀವು. ನಿಮ್ಮ ಕಂಪ್ಯೂಟರಿಗೆ ಕೊಟ್ಟಿದ್ದೀರಿ."

"ಹೌದು ಅಕ್ಕ" ಎಂದ ಚೋಮ. "ಅವತ್ತು ಕಂಬ ಬದಲಿಸ್ತಿದ್ರು. ನಮ್ಮ ಮೋಟ್ರೂ ನಿಂತಿತ್ತು." ಚೋಮ ಈಗ ತೋಟದಲ್ಲಿ ಸ್ಪ್ರಿಂಕ್ಲರ್ ಪೈಪು ಹೊರುವ ಕೆಲಸದಲ್ಲಿದ್ದ. ಕಾಫಿ ಹೂ ಅರಳಿಸಲು ನೀರು ಹೊಡೆಯುವ ಕಾಲ. ಸುತ್ತಲಿನ ತೋಟಗಳ ಕೆರೆಗಳಲ್ಲೆಲ್ಲ ಹಗಲು ರಾತ್ರಿ ಮೋಟಾರು. "ಮೋಟ್ರು ಹಾಕಿದ್ರೆ ಲೈನ್ ಮನೇಲಿ ಬಲ್ಬು ಬೀಡಿ ಬೆಂಕಿ ಹಾಗೆ ಆಗ್ತದೆ ರೈಟ್ರೇ. ನಿಮ್ಮಲ್ಲಿ ಆಗಲ್ವಾ?"

ಪೂವಯ್ಯ ತಲೆಯೆತ್ತಿ ತನ್ನ ಮನೆಯ ಬಲ್ಬು ನೋಡಿದ. ಎಲ್‌ಇಡಿ. ಕರೆಂಟು ಎಷ್ಟು ಕುಗ್ಗಿದರೂ ಮುಖ ಬಾಡಿಸದ ಜಾತಿ. ಇಷ್ಟು ದಿನ ಅದನ್ನು ನಂಬಿ ಕೂತಿದ್ದ. ಮೋಟಾರು ಓಡುವಾಗ ಕರೆಂಟು ಸೊರಗುತ್ತದೆ, ಸೊರಗಿದ್ದನ್ನೇ ಇನ್ವರ್ಟರು ಹಾಗೇ ದಾಟಿಸುತ್ತದೆ, ಮುದಿ ಕಂಪ್ಯೂಟರು ಅದನ್ನು ತಡೆಯಲಾರದೆ ಬೀಳುತ್ತದೆ. ಕರೆಂಟು ಪೂರ್ತಿ ಹೋದರೆ ಬ್ಯಾಟರಿಯಿಂದ ಒಂದೇ ಸಮ ಸಿಗುತ್ತದೆ, ಓಡುತ್ತದೆ. ಐವತ್ತೊಂದು ಸಲ ಕರೆಂಟು ಇದ್ದಾಗ ಹಾಕಿ ಬಡಿದಾಡಿದ್ದ.

"ಅಂದ್ರೆ ನಾನು ಹಾಕಿದ ಮೋಟ್ರೇ ನನ್ನ ಕಾಗ್ದ ತಿಂತಿತ್ತಾ?" ಎಂದ ಚೋಮ.

ಪೂವಯ್ಯ ಎದ್ದು ಹೋಗಿ ಮೀಟರ್ ಪೆಟ್ಟಿಗೆಯ ಮೇನ್ ಸ್ವಿಚ್ಚು ಕೆಳಗೆಳೆದ. ಫ್ರಿಜ್ಜು ಗುರುಗುಟ್ಟುವುದು ನಿಂತಿತು. ಯಮುನ ಹಣೆ ಚಚ್ಚಿಕೊಂಡಳು. "ಕರೆಂಟ್ ಇರೋ ದಿನ ಕರೆಂಟ್ ತೆಗೆಯೋರನ್ನ ನಾ ಎಲ್ಲೂ ನೋಡಿಲ್ಲ."

ಕಂಪ್ಯೂಟರು ತೆರೆಯಿತು. ಪೂವಯ್ಯ ಪೆನ್‌ಡ್ರೈವ್ ಚುಚ್ಚಿ ಕಾಪಿಗೆ ಹಾಕಿದ. ಇನ್ನೂರು. ಮುನ್ನೂರು. ಮುನ್ನೂರ ಐವತ್ತೂ ದಾಟಿತು. ಇನ್ವರ್ಟರಿನ ಬ್ಯಾಟರಿಯೂ ಹಳೆಯದು, ಎಷ್ಟು ಹೊತ್ತು ತಾಳುತ್ತದೋ ಗೊತ್ತಿಲ್ಲ. ಸಾವಿರವಾಯಿತು. ಎರಡು ಸಾವಿರಕ್ಕೆ ಯಮುನ ಒಳಗೆ ಹೋಗಿ ಅಕ್ಕಿ ತೊಳೆದಳು. ಗಂಟೆ ಕಳೆದು ಕೊನೆಯ ಫೋಟೋ ಇಳಿದಾಗ ಪೂವಯ್ಯ ಪೆನ್‌ಡ್ರೈವ್ ಕಿತ್ತು ಅಂಗಿ ಜೇಬಿಗೆ ಹಾಕಿ, ಮೇಲಿನಿಂದ ಕೈಯೊತ್ತಿ ಹಿಡಿದುಕೊಂಡ. ಆಮೇಲೆ ನೇರ ಹಿತ್ತಲಿಗೆ ನಡೆದ. ಒಂದು ಗಂಟೆಯಿಂದ ಉಚ್ಚೆ ಕಟ್ಟಿಕೊಂಡು ಕೂತಿದ್ದ.

ಉಳಿದ ಬ್ಯಾಟರಿಯಲ್ಲಿ ಪುಟ ಹುಡುಕಿದರು. ತೊಂಬತ್ತಮೂರರ ಪುಟದಲ್ಲಿ ಚೋಮನ ಹೆಸರು ಮೊದಲು ಸಿಕ್ಕಿತು. ಹೆಸರಿನ ಮುಂದೆ ಸಾಲಾಗಿ ಹನ್ನೊಂದು ಗೈರುಹಾಜರಿ.

ಚೋಮನಿಗೆ ಓದು ಬಾರದಿದ್ದರೂ ಆ ಗುರುತು ಗೊತ್ತಿತ್ತು. "ಧಣಿ ಕಂಬಳಿ ಕೊಡ್ಲಿಲ್ಲ ಅಂತ ಸ್ಟ್ರೈಕ್ ಮಾಡಿದ ತಿಂಗಳು. ನಾವು ಕೆಲಸದ ಜಾಗದಲ್ಲೇ ಕೂತಿದ್ವಿ. ದಿನಾ ನಿಮ್ಮೆದುರೇ."

"ಗೊತ್ತು. ಬಂದಿಲ್ಲ ಅಂತ ಬರಿ ಅಂದ್ರು, ಬರ್ದೆ." ಪೂವಯ್ಯ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಈ ಪುಟ ಬಿಡುವ. ಬೇರೆ ವರ್ಷದ್ದು ಬೇಕಾದಷ್ಟು ಉಂಟು."

"ಬಿಡೋದ್ಯಾಕೆ? ಬಂದಿಲ್ಲ ಅಂತ ಬರೀಬೇಕಾದ್ರೂ ಅಲ್ಲಿ ಇದ್ದೋನೇ ಆಗಿರ್ಬೇಕಲ್ಲ. ಇದನ್ನೂ ಹಾಕಿ."

ವರ್ಷಕ್ಕೆ ಎರಡರಂತೆ ಪುಟ ಆರಿಸಿ ಸೋಮವಾರ ಮಾದಾಪುರದಲ್ಲಿ ಪ್ರಿಂಟ್ ತೆಗೆಸಿದರು. ಮಂಗಳವಾರ ಕಚೇರಿಯಲ್ಲಿ ಅಧಿಕಾರಿ ಒಂದೊಂದೇ ಪುಟ ತಿರುವಿದರು. ಫೋಟೋದ ಪ್ರಿಂಟನ್ನು ಹೇಗೆ ನಂಬುವುದು ಎಂದು ಕೇಳಿದರು. ಪೂವಯ್ಯನಿಂದ ಅದೇ ಹೆಸರುಗಳನ್ನು ಬಿಳಿ ಹಾಳೆಯಲ್ಲಿ ಬರೆಸಿ, ಪಕ್ಕದಲ್ಲಿಟ್ಟು ಅಕ್ಷರ ಹೋಲಿಸಿದರು. ಇದು ನನ್ನದೇ ಬರಹ ಎಂದು ಹೇಳಿಕೆ ಬರೆಸಿಕೊಂಡು ಸಹಿ ಹಾಕಿಸಿದರು. ಗುಮಾಸ್ತ ಕಡತದ ಮೇಲೆ ಮೊಹರು ಒತ್ತಿದ. ಹೆಸರು ಪಟ್ಟಿಯಲ್ಲಿ ಉಳಿಯಿತು. ನಿವೇಶನ ಕೈಗೆ ಬರುವುದು ಬೇರೆ ಮಾತು, ಅದಕ್ಕೆ ಇನ್ನೆಷ್ಟು ಸಲ ಧರಣಿ ಕೂರಬೇಕೋ. ಆ ದಿನ ಹೆಸರು ಹೊಡೆದುಹಾಕಲಿಲ್ಲ, ಅಷ್ಟೆ.

ಹೊರಗೆ ಹೋಟೆಲಿನಲ್ಲಿ ಚೋಮ ಮೂರು ಇಡ್ಲಿ ತಿಂದು ನಾಲ್ಕನೆಯದಕ್ಕೆ ಹೇಳಿದ. ಪೂವಯ್ಯನಿಗೂ ವಾರದ ಮೇಲೆ ಆವತ್ತೇ ಹಸಿವಾಗಿದ್ದು.

"ನಮ್ಮ ಲೈನಿನ ಮಲ್ಲನ ವಿಚಾರಣೆ ಬರೋ ವಾರ" ಎಂದ ಚೋಮ. "ಅವನ ಪುಟ?"

"ಉಂಟು."

"ಕೂಸಪ್ಪಂದು?"

"ಎಲ್ಲರದ್ದೂ ಉಂಟು ಮಾರಾಯ. ಮೊದಲು ಚಟ್ನಿ ಈ ಕಡೆ ಕೊಡು."